ಆಕಾಶದ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ತೂಕ-ಅಳತೆ ಇಲಾಖೆಯವರು ಪೇಟೆ ಬೀದಿಗೆ ಕಾಲಿಟ್ಟರೆಂದರೆ ಸುದ್ದಿ ಅವರಿಗಿಂತ ಮೊದಲೇ ಕೊನೆಯ ಅಂಗಡಿ ತಲುಪಿರುತ್ತದೆ. ದಿನಸಿಯವರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿನ ಧೂಳು ಒರೆಸುತ್ತಾರೆ. ತರಕಾರಿಯವರು ಸವೆದ ತೂಕದ ಕಲ್ಲನ್ನು ಮೂಟೆ ಹಿಂದಕ್ಕೆ ತಳ್ಳುತ್ತಾರೆ. ಸರ್ಟಿಫಿಕೇಟು ಎಲ್ಲಿಟ್ಟೆ ಅಂತ ಗಲ್ಲಾಪೆಟ್ಟಿಗೆ ತಡಕಾಡುವವರು ಕೆಲವರು. "ಹೋದ ವರ್ಷ ತಾನೇ ಮುದ್ರೆ ಹಾಕಿಸಿದ್ದೆ, ಮತ್ತೆ ಯಾಕೆ ಸಾರ್? ಮಿಷಿನ್ನು ಹೊಸದು" ಅನ್ನೋದು ಎಲ್ಲರ ಬಾಯಲ್ಲೂ ಬರುವ ಮಾತು.

ಮಿಷಿನ್ನು ಹೊಸದಿರಬಹುದು. ಆದರೆ ಅದು ತೋರಿಸುವ ನೂರು ಗ್ರಾಂ ನಿಜವಾಗಿಯೂ ನೂರು ಗ್ರಾಮೇ ಹೌದೋ ಅಲ್ಲವೋ ಅನ್ನೋದನ್ನು ಆ ಮಿಷಿನ್ನೇ ಹೇಳಲಾರದು. ಅದಕ್ಕೆ ಹೊರಗಿನಿಂದ ಒಂದು ಸಾಚಾ ಕಲ್ಲು ಬರಬೇಕು, ತಕ್ಕಡಿಯ ಮೇಲೆ ಕೂರಬೇಕು, ನೋಡುವವನು ಕಣ್ಣು ಬಿಟ್ಟು ನೋಡಬೇಕು. ಅಂಗಡಿಯವರು ಗೊಣಗಿದರೂ ಒಳಗೊಳಗೆ ಒಪ್ಪುವ ಮಾತು ಇದು. ಯಾಕೆಂದರೆ ಅವರೇ ಮಂಡಿಗೆ ಹೋಗಿ ಮೂಟೆ ತರುವಾಗ ಅಲ್ಲಿನ ತಕ್ಕಡಿಯನ್ನು ನಂಬುವುದಿಲ್ಲ!

ಇಷ್ಟು ಸಣ್ಣ ಮಾತನ್ನು ದೊಡ್ಡವರು ಮರೆತರೆ ಏನಾಗುತ್ತದೆ, ನೆನಪಿಟ್ಟುಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಒಂದು ನಿಜವಾದ ಕಥೆ ಇದೆ. ಅದು ಪೇಟೆ ಬೀದಿಯದ್ದಲ್ಲ, ಆಕಾಶದ್ದು. ಒಂಬೈನೂರು ಕಿಲೋಮೀಟರಿಗೂ ಮೇಲೆ ಭೂಮಿಯನ್ನು ಸುತ್ತುತ್ತಿದ್ದ ಒಂದು ತಕ್ಕಡಿಯದ್ದು. ಆ ಕಥೆಗೂ ಬೇಕರಿಯ ಫ್ರಿಜ್ಜಿಗೂ ಬಸ್‌ಸ್ಟ್ಯಾಂಡಿನ ಹೊಗೆಗೂ ನಂಟಿದೆ. ಹೇಗೆ ಅನ್ನೋದನ್ನು ಸಾವಧಾನವಾಗಿ ನೋಡಬೇಕು.

ಎರಡು ನಾಣ್ಯದ ಛತ್ರಿ

ತಲೆಯ ಮೇಲೆ ಹದಿನೈದು ಕಿಲೋಮೀಟರಿನಿಂದ ಮೂವತ್ತೈದು ಕಿಲೋಮೀಟರಿನವರೆಗೆ ಗಾಳಿಯಲ್ಲಿ ಓಝೋನ್ ಎಂಬ ಅನಿಲ ಹರಡಿಕೊಂಡಿದೆ. ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು ಕೈಹಿಡಿದು ನಿಂತಿದ್ದರೆ ಓಝೋನಿನಲ್ಲಿ ಮೂರು. ಬಿಸಿಲಿನ ಜೊತೆ ಬರುವ ನೇರಳಾತೀತ ಕಿರಣದ ಬಹುಪಾಲನ್ನು ಇದು ಮೇಲೆಯೇ ಹೀರಿಕೊಳ್ಳುತ್ತದೆ. ಅದು ಇಲ್ಲದಿದ್ದರೆ ಮನುಷ್ಯನಿಗೆ ಚರ್ಮದ ಕ್ಯಾನ್ಸರ್ ಹೆಚ್ಚುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಬೆಳೆಯೂ ಕುಗ್ಗುತ್ತದೆ.

ಇಷ್ಟು ದೊಡ್ಡ ಕೆಲಸ ಮಾಡುವ ಈ ಛತ್ರಿ ಎಷ್ಟು ದಪ್ಪ ಇರಬಹುದು? ಆ ಓಝೋನನ್ನೆಲ್ಲ ಒಟ್ಟುಗೂಡಿಸಿ ಸಮುದ್ರ ಮಟ್ಟದ ಒತ್ತಡಕ್ಕೆ, ಮಂಜುಗಡ್ಡೆಯಷ್ಟು ತಣ್ಣಗಿನ ಗಾಳಿಗೆ ತಂದು ಹಾಸಿದರೆ ಬರೇ ಮೂರು ಮಿಲಿಮೀಟರು! ಗಲ್ಲಾಪೆಟ್ಟಿಗೆಯಿಂದ ಎರಡು ಒಂದು ರೂಪಾಯಿ ನಾಣ್ಯ ತೆಗೆದು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಈ ಮೂರು ಮಿಲಿಮೀಟರಿಗೆ ವಿಜ್ಞಾನಿಗಳು 300 ಡಾಬ್ಸನ್ ಅನ್ನುತ್ತಾರೆ. ಸೇರು, ಪಾವು ಇದ್ದ ಹಾಗೆ ಇದೂ ಒಂದು ಅಳತೆ. ಆಕ್ಸ್‌ಫರ್ಡಿನಲ್ಲಿದ್ದ ಡಾಬ್ಸನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ನೆಲದಿಂದ ಅಳೆಯುವ ಯಂತ್ರ ಕಟ್ಟಿದರು. ಅಳತೆಗೆ ಅವರ ಹೆಸರೇ ನಿಂತಿತು.

ಅಷ್ಟು ಎತ್ತರದಲ್ಲಿರುವ, ಕಣ್ಣಿಗೆ ಕಾಣದ ಅನಿಲವನ್ನು ತೂಗುವುದು ಹೇಗೆ? ರಷ್ಷಾದ ಬಸ್ಸನ್ನು ನೆನೆಸಿಕೊಂಡರೆ ಸಾಕು. ಹಿಂದಿನ ಬಾಗಿಲಲ್ಲಿ ಇಬ್ಬರು ಹತ್ತುತ್ತಾರೆ. ಒಬ್ಬ ಕೈಬೀಸಿಕೊಂಡು ಬಂದವನು, ಇನ್ನೊಬ್ಬ ತಲೆಯ ಮೇಲೆ ಮೂಟೆ ಹೊತ್ತವನು. ಮುಂದಿನ ಬಾಗಿಲಿಗೆ ಮೊದಲನೆಯವನು ಬೇಗ ತಲುಪುತ್ತಾನೆ, ಮೂಟೆಯವನು ಸಿಕ್ಕಿಹಾಕಿಕೊಳ್ಳುತ್ತಾನೆ. ಇಬ್ಬರೂ ಇಳಿಯುವುದರಲ್ಲಿ ಎಷ್ಟು ಅಂತರ ಬಿತ್ತು ಅಂತ ಹೊರಗೆ ನಿಂತವನು ನೋಡಿದರೆ ಒಳಗೆ ಎಷ್ಟು ಜನ ಇದ್ದರು ಅಂತ ಲೆಕ್ಕ ಹಾಕಬಹುದು. ಒಳಗೆ ಇಣುಕಬೇಕಾಗಿಯೇ ಇಲ್ಲ. ಬಿಸಿಲಿನಲ್ಲೂ ಓಝೋನಿಗೆ ಸಿಕ್ಕಿಬೀಳುವ ಬಣ್ಣ ಒಂದು, ತಪ್ಪಿಸಿಕೊಂಡು ಬರುವ ಬಣ್ಣ ಇನ್ನೊಂದು. ಎರಡರ ಅಂತರವೇ ಓಝೋನಿನ ತೂಕ.

ನೆಲದ ಯಂತ್ರ ಮೇಲೆ ನೋಡುತ್ತದೆ. ಉಪಗ್ರಹದ ಯಂತ್ರ ಕೆಳಗೆ ನೋಡುತ್ತದೆ. ಭೂಮಿಗೆ ಬಂದು ಗಾಳಿಗೆ ಮೋಡಕ್ಕೆ ತಗುಲಿ ವಾಪಸು ಪುಟಿಯುವ ಬಿಸಿಲನ್ನು ಅದು ತೂಗುತ್ತದೆ. ಅಮೆರಿಕಾದ ನಾಸಾ ಸಂಸ್ಥೆಯವರು 1978ರ ಅಕ್ಟೋಬರ್ 24ರಂದು ಹಾರಿಸಿದ ನಿಂಬಸ್-7 ಉಪಗ್ರಹದಲ್ಲಿ ಟಾಮ್ಸ್ ಎಂಬ ಇಂಥಾ ಯಂತ್ರ ಇತ್ತು. ದಿನಕ್ಕೆ ಸುಮಾರು ಎರಡು ಲಕ್ಷ ಅಳತೆ! ಬಿಸಿಲು ಬಿದ್ದ ನೆಲ, ಸಮುದ್ರ ಎಲ್ಲದರ ಲೆಕ್ಕವೂ ದಿನದಿನಕ್ಕೆ ಸಿಗುತ್ತಿತ್ತು. ಇಂಥಾ ತಕ್ಕಡಿ ಇರುವಾಗ ಮಂಜುಗಡ್ಡೆಯ ಮೇಲೆ ಗುಡಿಸಲು ಹಾಕಿಕೊಂಡು ಹಳೇ ಯಂತ್ರ ತಿರುಗಿಸುವವರು ಯಾಕೆ ಬೇಕು ಅಂತ ಯಾರಿಗಾದರೂ ಅನ್ನಿಸಬಹುದು. ಅನ್ನಿಸಿತ್ತು ಕೂಡ.

ಖಾತೆ ಬರೆದಿಟ್ಟವರು

ದಕ್ಷಿಣ ಧ್ರುವದ ಖಂಡ ಅಂಟಾರ್ಟಿಕಾದ ಅಂಚಿನಲ್ಲಿ ಬ್ರಿಟಿಷರ ಹ್ಯಾಲಿ ಬೇ ಎಂಬ ಠಾಣೆ ಇದೆ. ಅಲ್ಲಿ 1956-57ರ ಸುಮಾರಿನಿಂದ ಡಾಬ್ಸನ್ ಯಂತ್ರ ಇಟ್ಟುಕೊಂಡು ಓಝೋನ್ ಅಳೆಯುತ್ತಾ ಬಂದರು. ಜೋ ಫಾರ್ಮನ್ ಅದರ ಉಸ್ತುವಾರಿ. ವರ್ಷ ಕಳೆದರೂ ಅದೇ ಅಳತೆ, ಅದೇ ಪುಸ್ತಕ, ಅದೇ ಅಂಕಿ. ಇಪ್ಪತ್ತೈದು ವರ್ಷದಿಂದ ಒಂದನ್ನೇ ಅಳೆಯುತ್ತಿದ್ದೀರಲ್ಲ, ಇದರಿಂದ ಏನು ಫಾಯಿದೆ ಅಂತ ಕೇಳುವವರಿಗೆ ಉತ್ತರ ಹೇಳುವುದೇ ಅವರಿಗೆ ಕಷ್ಟವಾಗಿತ್ತು. ಸರ್ಕಾರದ ದುಡ್ಡು ಎಲ್ಲ ದೇಶದಲ್ಲೂ ಹೀಗೆಯೇ ಮಾತಾಡುತ್ತದೆ.

1970ರ ದಶಕದ ಕೊನೆಗೆ ಜೊನಾಥನ್ ಶಾಂಕ್ಲಿನ್ ಎಂಬ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ. ರಾಶಿ ಬಿದ್ದಿದ್ದ ಹಳೇ ಕಾಗದದ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಅವನ ಪಾಲಿಗೆ ಬಂದ ಕೆಲಸ. ಆಗ ಸ್ಪ್ರೇ ಡಬ್ಬಿಯಿಂದ, ಕಾಂಕಾರ್ಡ್ ವಿಮಾನದಿಂದ ಓಝೋನ್ ಹಾಳಾಗುತ್ತದೆ ಎಂಬ ಗಲಾಟೆ ನಡೆದಿತ್ತು. ಸಂಸ್ಥೆ ನೋಡಲು ಬರುವ ಜನರಿಗೆ "ನೋಡಿ, ಈ ವರ್ಷದ ಅಂಕಿಗೂ ಇಪ್ಪತ್ತು ವರ್ಷದ ಹಿಂದಿನ ಅಂಕಿಗೂ ವ್ಯತ್ಯಾಸವಿಲ್ಲ, ಗಾಬರಿ ಬೇಡ" ಅಂತ ತೋರಿಸಲು ಅವನು ಒಂದು ನಕ್ಷೆ ಬರೆಯಲು ಕೂತ. ಬರೆದು ನೋಡಿದರೆ ವ್ಯತ್ಯಾಸ ಇತ್ತು! ಧೈರ್ಯ ಹೇಳಲು ಹೊರಟವನಿಗೇ ಗಾಬರಿ.

ಅಂಟಾರ್ಟಿಕಾದಲ್ಲಿ ಚಳಿಗಾಲದ ಕತ್ತಲೆ ಕಳೆದು ಸೂರ್ಯ ಮರಳಿ ಕಾಣುವ ವಸಂತ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹಿಂದೆಲ್ಲ ಅಕ್ಟೋಬರಿನ ಅಂಕಿ 300 ಡಾಬ್ಸನ್ನಿನ ಆಸುಪಾಸು ಇರುತ್ತಿತ್ತು. 1984ರ ಹೊತ್ತಿಗೆ ಅದು 200ರ ಹತ್ತಿರಕ್ಕೆ ಇಳಿದಿತ್ತು. ಮೂರು ಮಿಲಿಮೀಟರಿನ ಛತ್ರಿಯಲ್ಲಿ ಒಂದು ಮಿಲಿಮೀಟರು ಮಾಯ.

ಇಲ್ಲಿ ಫಾರ್ಮನ್ ಮಾಡಿದ ಕೆಲಸ ಯಾವ ವ್ಯಾಪಾರಿಗೂ ಅರ್ಥವಾಗುವಂಥದ್ದು. ಮೊದಲು ತನ್ನ ತಕ್ಕಡಿಯನ್ನೇ ಅನುಮಾನಿಸಿದರು. ಯಂತ್ರ ಹಳೆಯದು, ಕೆಟ್ಟಿರಬೇಕು ಅಂತ ಬೇರೆ ಯಂತ್ರ ಕಳಿಸಿದರು. ಅದೂ ಅದನ್ನೇ ಹೇಳಿತು. ದೂರದ ಇನ್ನೊಂದು ಠಾಣೆಯ ಪುಸ್ತಕ ತೆಗೆಸಿದರು. ಅಲ್ಲೂ ಇಳಿತ ಇತ್ತು, ಅಷ್ಟು ಜೋರಾಗಿ ಅಲ್ಲ. ಆಮೇಲೆ ಫಾರ್ಮನ್, ಬ್ರಯನ್ ಗಾರ್ಡಿನರ್, ಶಾಂಕ್ಲಿನ್ ಮೂವರೂ ಸೇರಿ ಬರೆದ ಲೇಖನ 1985ರ ಮೇ 16ರಂದು 'ನೇಚರ್' ಪತ್ರಿಕೆಯಲ್ಲಿ ಬಂತು. ಜಗತ್ತು ಎದ್ದು ಕೂತಿತು.

ಮೇಲಿದ್ದವನಿಗೆ ಯಾಕೆ ಕಾಣಲಿಲ್ಲ?

ಆಗ ಎಲ್ಲರೂ ಕೇಳಿದ ಪ್ರಶ್ನೆ ಇದು. ದಿನಕ್ಕೆ ಎರಡು ಲಕ್ಷ ಸಲ ತೂಗುವ ಉಪಗ್ರಹ ಇದ್ದೂ ಗುಡಿಸಲಿನವರು ಮೊದಲು ಹೇಳಿದ್ದು ಹೇಗೆ?

ಇದಕ್ಕೆ ಒಂದು ರೆಡಿಮೇಡ್ ಕಥೆ ಹುಟ್ಟಿಕೊಂಡಿತು. ನಾಸಾದ ಕಂಪ್ಯೂಟರು ಕಡಿಮೆ ಅಂಕಿಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದಿತ್ತಂತೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲವಂತೆ. ಕೇಳಲು ಚೆನ್ನಾಗಿದೆ, ಪೂರ್ತಿ ನಿಜವಲ್ಲ. 180 ಡಾಬ್ಸನ್ನಿಗಿಂತ ಕಡಿಮೆ ಬಂದ ಅಂಕಿಗೆ ಕಂಪ್ಯೂಟರು "ಇದು ಅನುಮಾನದ ಲೆಕ್ಕ" ಅಂತ ಗುರುತು ಹಾಕಿ ಪಕ್ಕಕ್ಕಿಡುತ್ತಿತ್ತು. ಅಷ್ಟು ಕಡಿಮೆ ಓಝೋನನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅಂಥಾ ಗುರುತು ತಪ್ಪಲ್ಲ. ಅಂಗಡಿಯಲ್ಲಿ ಕೆಲಸದ ಹುಡುಗ ಒಂದು ಮೂಟೆ ಅಕ್ಕಿ ಹನ್ನೆರಡು ಕೆಜಿ ತೂಗಿತು ಅಂದರೆ ಮಾಲೀಕರು ಮೊದಲು ತಕ್ಕಡಿಯನ್ನೇ ತಟ್ಟಿ ನೋಡುವುದು.

1984ರಲ್ಲಿ ನಾಸಾದವರು ಹಿಂದಿನ ಅಕ್ಟೋಬರಿನ ಲೆಕ್ಕ ತೆಗೆದಾಗ ಈ ಅನುಮಾನದ ಗುರುತುಗಳು ಒಂದೆರಡಲ್ಲ, ಅಂಟಾರ್ಟಿಕಾದ ಮೇಲೆ ರಾಶಿ ರಾಶಿ ಬಿದ್ದಿದ್ದವು. ಅವರು ನೋಡಲಿಲ್ಲ ಅನ್ನುವುದು ಅನ್ಯಾಯ. ನೋಡಿದರು. ನೋಡಿ, ಮಾಡಬೇಕಾದ್ದನ್ನೇ ಮಾಡಿದರು. ನೆಲದ ಮೇಲಿನ ಕಲ್ಲನ್ನು ತರಿಸಿದರು. ದಕ್ಷಿಣ ಧ್ರುವದಲ್ಲಿದ್ದ ಅಮೆರಿಕಾದ ಠಾಣೆಯ ಡಾಬ್ಸನ್ ಯಂತ್ರ ಏನು ಹೇಳುತ್ತದೆ ಅಂತ ನೋಡಿದರೆ ಅಲ್ಲಿ ಸುಮಾರು 300 ಅಂತ ಬರೆದಿತ್ತು. ಹಾಗಾದರೆ ಉಪಗ್ರಹವೇ ಸುಳ್ಳು ಇರಬೇಕು ಅಂತ ಅವರಿಗೆ ಹಿಂಜರಿಕೆಯಾಯಿತು. ಆಮೇಲೆ ತಿಳಿದದ್ದು ಏನೆಂದರೆ ಸುಳ್ಳು ಹೇಳಿದ್ದು ಉಪಗ್ರಹವಲ್ಲ, ಧ್ರುವದ ಆ ಅಂಕಿ! ತೂಗಲು ತಂದ ಕಲ್ಲೇ ತಪ್ಪು ತೂಕದ್ದಾಗಿತ್ತು.

ನಾಸಾದ ಪಿ. ಕೆ. ಭಾರ್ತಿಯಾ ಮತ್ತು ಸಂಗಡಿಗರು ಹಿಂಜರಿಕೆ ಬಿಟ್ಟು ತಮ್ಮ ಲೆಕ್ಕವನ್ನು 1985ರ ಆಗಸ್ಟಿನಲ್ಲಿ ಪ್ರಾಗ್ ನಗರದ ಸಭೆಯಲ್ಲಿ ಮುಂದಿಟ್ಟರು. ಅಷ್ಟರಲ್ಲಿ ಫಾರ್ಮನ್ನರ ಲೇಖನ ಬಂದು ಮೂರು ತಿಂಗಳಾಗಿತ್ತು. ಆದರೆ ಉಪಗ್ರಹದವರ ನಕ್ಷೆ ಬಂದ ಮೇಲೆಯೇ ಜಗತ್ತಿಗೆ ಗಾತ್ರ ಗೊತ್ತಾದದ್ದು. ಹ್ಯಾಲಿ ಬೇ ಒಂದು ಚುಕ್ಕೆ. ಆ ಚುಕ್ಕೆಯ ಸುತ್ತ ಏನಾಗಿದೆ ಅಂತ ಗುಡಿಸಲಿನಿಂದ ಕಾಣುವುದಿಲ್ಲ. ಅಮೆರಿಕಾ ದೇಶದಷ್ಟು ಅಗಲಕ್ಕೆ ಛತ್ರಿ ತೆಳುವಾಗಿದೆ ಅಂತ ತೋರಿಸಿದ್ದು ಮೇಲಿನ ತಕ್ಕಡಿ. ಅದು ನಿಜ ಅಂತ ಮುದ್ರೆ ಒತ್ತಿದ್ದು ಕೆಳಗಿನ ತಕ್ಕಡಿ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಅದೇ ಟಾಮ್ಸ್ ಯಂತ್ರದ ಇನ್ನೊಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. 1982ರ ಮಾರ್ಚ್-ಏಪ್ರಿಲಿನಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿಯಿತು. ಆಗ ಅದರ ಸುತ್ತಮುತ್ತ ಯಂತ್ರ ಓಝೋನನ್ನು ವಿಪರೀತ ಜಾಸ್ತಿ ತೋರಿಸಿತು. ಜ್ವಾಲಾಮುಖಿಗೂ ಓಝೋನಿಗೂ ಏನು ಸಂಬಂಧ? ಆರ್ಲಿನ್ ಕ್ರೂಗರ್ ಎಂಬ ವಿಜ್ಞಾನಿ ಅದನ್ನು ಕಸ ಅಂತ ಬಿಡದೆ ಕೆದಕಿದರು. ಬೆಟ್ಟ ಉಗುಳಿದ ಗಂಧಕದ ಡೈಆಕ್ಸೈಡ್ ಅನಿಲವೂ ಓಝೋನಿನ ಹಾಗೆಯೇ ಆ ಬಣ್ಣದ ಬೆಳಕನ್ನು ನುಂಗುತ್ತದೆ, ಅದಕ್ಕೇ ಯಂತ್ರ ಮೋಸ ಹೋಗಿದೆ ಅಂತ ಗೊತ್ತಾಯಿತು. ಆವತ್ತಿನಿಂದ ಓಝೋನ್ ತೂಗಲು ಹಾರಿಸಿದ ಯಂತ್ರ ಜ್ವಾಲಾಮುಖಿಯ ಅನಿಲವನ್ನೂ ತೂಗತೊಡಗಿತು. 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಸಿಡಿದಾಗ ಅದು ಎಷ್ಟು ಗಂಧಕ ಉಗುಳಿತು ಅನ್ನೋ ಲೆಕ್ಕ ಸಿಕ್ಕಿದ್ದು ಈ ದಾರಿಯಿಂದಲೇ.

ವಿಚಿತ್ರ ಅಂಕಿ ಬಂದರೆ ಅದು ಯಂತ್ರದ ತಪ್ಪಿರಬಹುದು, ಜಗತ್ತಿನ ತಪ್ಪಿರಬಹುದು. ಯಾವುದು ಅಂತ ಅಂಕಿ ಹೇಳುವುದಿಲ್ಲ. ಕೂತು ನೋಡುವವನು ಹೇಳಬೇಕು.

ಫ್ರಿಜ್ಜಿನ ಗ್ಯಾಸು ಅಲ್ಲಿಗೆ ಹೋದದ್ದು ಹೇಗೆ?

ಛತ್ರಿ ಹರಿದದ್ದು ಯಾರು? ಉತ್ತರವನ್ನು 1974ರಲ್ಲೇ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ಹೇಳಿದ್ದರು. ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿ, ಫೋಮುಗಳಲ್ಲಿ ಬಳಸುತ್ತಿದ್ದ ಸಿ.ಎಫ್.ಸಿ. ಎಂಬ ಗ್ಯಾಸು ಕೆಳಗೆ ಯಾರಿಗೂ ತೊಂದರೆ ಕೊಡುವುದಿಲ್ಲ. ಹೊತ್ತಿಕೊಳ್ಳುವುದಿಲ್ಲ, ವಾಸನೆ ಇಲ್ಲ, ಬಹಳ ಸಾಧು. ಈ ಸಾಧುತನವೇ ಅಪಾಯ. ಏನಕ್ಕೂ ಕರಗದೆ ಹತ್ತಾರು ವರ್ಷ ತೇಲಿ ಮೇಲಕ್ಕೆ ಹೋಗುತ್ತದೆ. ಅಲ್ಲಿ ನೇರಳಾತೀತ ಕಿರಣ ಬಿದ್ದು ಒಡೆದಾಗ ಅದರೊಳಗಿನ ಕ್ಲೋರಿನ್ ಹೊರಬೀಳುತ್ತದೆ. ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಕಣಗಳನ್ನು ಮುರಿಯುತ್ತದೆ. ಅಂಟಾರ್ಟಿಕಾದ ಮಹಾ ಚಳಿಯಲ್ಲಿ ಆಗುವ ಮೋಡಗಳ ಮೇಲೆ ಈ ಕೆಲಸ ಇನ್ನೂ ಜೋರು. ಫ್ರಿಜ್ಜು ಎಲ್ಲಿಯದೇ ಇರಲಿ, ಗ್ಯಾಸು ಒಂದೆರಡು ವರ್ಷದಲ್ಲಿ ಜಗತ್ತಿನ ಗಾಳಿಗೆಲ್ಲ ಬೆರೆಯುತ್ತದೆ. ಮೊಲಿನಾ, ರೋಲೆಂಡ್ ಮತ್ತು ಕ್ರುಟ್ಜೆನ್ ಮೂವರಿಗೂ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹೆದರಿಸಿ ಪೇಪರು ಮಾರಬೇಕಾಗಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಕರ್ನಾಟಕದ ತಲೆಯ ಮೇಲೆ ತೂತು ಬಿದ್ದಿಲ್ಲ. ತೂತು ಬೀಳುವುದು ಅಂಟಾರ್ಟಿಕಾದ ಮೇಲೆ, ವರ್ಷದ ಕೆಲವು ತಿಂಗಳು ಮಾತ್ರ.

ಅಳತೆ ಗಟ್ಟಿಯಾಗಿದ್ದದ್ದರಿಂದ ಮಾತು ಬೇಗ ಮುಗಿಯಿತು. ಫಾರ್ಮನ್ನರ ಲೇಖನ ಬಂದು ಎರಡೂವರೆ ವರ್ಷ ತುಂಬುವ ಮೊದಲೇ, 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್ಲಿನಲ್ಲಿ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಭಾರತ ತಕ್ಷಣ ಸೇರಲಿಲ್ಲ. ಗ್ಯಾಸು ಬಿಟ್ಟು ಆಕಾಶ ಹಾಳು ಮಾಡಿದವರು ಶ್ರೀಮಂತರು, ಈಗ ಬಡವರು ಫ್ರಿಜ್ಜು ಕೊಳ್ಳುವ ಹೊತ್ತಿಗೆ ಬೇಡ ಅಂದರೆ ನಷ್ಟ ತುಂಬಿಕೊಡುವವರು ಯಾರು ಎಂಬ ಪ್ರಶ್ನೆ ಇತ್ತು. ನ್ಯಾಯವಾದ ಪ್ರಶ್ನೆ. 1990ರಲ್ಲಿ ಲಂಡನ್ನಿನ ಸಭೆಯಲ್ಲಿ ಬಡ ದೇಶಗಳಿಗೆ ಸಹಾಯನಿಧಿ ಒಪ್ಪಿದ ಮೇಲೆ 1992ರಲ್ಲಿ ಭಾರತವೂ ಸೇರಿತು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಎಲ್ಲ ದೇಶಗಳೂ ಸೇರಿದ್ದವು. 2022ರ ಅಂತರರಾಷ್ಟ್ರೀಯ ವರದಿಯ ಪ್ರಕಾರ ಎಲ್ಲರೂ ಮಾತಿಗೆ ತಪ್ಪದಿದ್ದರೆ ಅಂಟಾರ್ಟಿಕಾದ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಬರುತ್ತದೆ. ಗಾಯ ಮಾಡಲು ಐವತ್ತು ವರ್ಷ ಸಾಕಾಯಿತು, ಮಾಯಲು ಎಂಬತ್ತು ವರ್ಷ ಬೇಕು.

"ಮಾತಿಗೆ ತಪ್ಪದಿದ್ದರೆ" ಅನ್ನುವಲ್ಲಿ ಒತ್ತು ಬೀಳಬೇಕು. 2010ರ ನಂತರ ಯಾರೂ ತಯಾರಿಸಬಾರದಿದ್ದ ಸಿ.ಎಫ್.ಸಿ.-11 ಎಂಬ ಗ್ಯಾಸು ಗಾಳಿಯಲ್ಲಿ ಇಳಿಯಬೇಕಾದಷ್ಟು ವೇಗದಲ್ಲಿ ಇಳಿಯುತ್ತಿಲ್ಲ, ಯಾರೋ ಕದ್ದು ಬಿಡುತ್ತಿದ್ದಾರೆ ಅಂತ 2018ರಲ್ಲಿ ಅಮೆರಿಕಾದ ವಿಜ್ಞಾನಿಗಳು ಹೇಳಿದರು. ಮರುವರ್ಷ ಕಳ್ಳತನದ ಜಾಗವೂ ಸಿಕ್ಕಿತು. ಹೊಸದಾಗಿ ಹೆಚ್ಚಿದ್ದರಲ್ಲಿ ದೊಡ್ಡ ಪಾಲು ಬಂದದ್ದು ಪೂರ್ವ ಚೀನಾದ ಶಾಂಡಾಂಗ್, ಹೆಬೈ ಪ್ರಾಂತಗಳ ಕಡೆಯಿಂದ. ಹಿಡಿದುಕೊಟ್ಟದ್ದು ಯಾವುದು? ಹವಾಯಿಯ ಬೆಟ್ಟದ ಮೇಲೆ, ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿ ವರ್ಷಗಟ್ಟಲೆ ಗಾಳಿ ಹಿಡಿದು ಖಾತೆ ಬರೆದಿಟ್ಟ ನೆಲದ ಠಾಣೆಗಳು! ಉಪಗ್ರಹಗಳ ಕಾಲದಲ್ಲೂ ಕಳ್ಳನನ್ನು ಹಿಡಿದದ್ದು ಬೀದಿ ಕಾವಲುಗಾರನೇ. ಆಮೇಲೆ ಆ ಗ್ಯಾಸು ಮತ್ತೆ ಇಳಿಯಿತು.

ಈಗ ಬೇಕರಿಯ ಫ್ರಿಜ್ಜಿಗೆ ಬರಬೇಕು. ಹಳೇ ಆರ್-12 ಗ್ಯಾಸಿನ ಕಾಲ ಮುಗಿಯಿತು. ಆದರೆ ಹಳೇ ಏಸಿಗಳಲ್ಲಿರುವ ಆರ್-22 ಓಝೋನಿಗೆ ಸ್ವಲ್ಪ ಪೆಟ್ಟು ಕೊಡುತ್ತದೆ. ಫ್ರಿಜ್ಜುಗಳಲ್ಲಿ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕೆಜಿಗೆ ಇಂಗಾಲದ ಡೈಆಕ್ಸೈಡಿನ ಸಾವಿರ ಕೆಜಿಗೂ ಮಿಕ್ಕಿ ಸಮ. "ಗ್ಯಾಸು ತೆಗೆದು ಹೊಸದು ತುಂಬಬೇಕು" ಅಂತ ರಿಪೇರಿಯವರು ಪೈಪು ಕತ್ತರಿಸಿ ಉಸ್ಸೆಂದು ಬೀದಿಗೆ ಬಿಡುತ್ತಾರಲ್ಲ, ಆ ಉಸಿರು ಅಂಗಡಿ ಬಾಗಿಲಲ್ಲೇ ನಿಲ್ಲುವುದಿಲ್ಲ. ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇದೆ, ಖರ್ಚೂ ಇದೆ. ಖರ್ಚನ್ನು ದಿನಗೂಲಿ ಮೆಕ್ಯಾನಿಕ್ಕಿನ ತಲೆಗೆ ಕಟ್ಟಿ ಕಾನೂನು ಹೇಳಿದರೆ ಆಗುವುದಿಲ್ಲ. ಫ್ರಿಜ್ಜು ಮಾರುವ ಕಂಪೆನಿಗಳೂ ಸರ್ಕಾರವೂ ಅದರ ಭಾರ ಹೊರಬೇಕು. ಅಂಗಡಿಯವರು "ಹಳೇ ಗ್ಯಾಸು ಎಲ್ಲಿಗೆ ಬಿಡ್ತೀಯಪ್ಪಾ?" ಅಂತ ಒಂದು ಮಾತು ಕೇಳುವುದಕ್ಕೆ ಖರ್ಚಿಲ್ಲ.

ಒಂದೂವರೆ ಗಂಟೆಯ ಬಸ್‌ಸ್ಟ್ಯಾಂಡು

ಕೊನೆಯದಾಗಿ ದಿನಾ ಬಸ್ಸಿಗೆ ಕಾಯುವವರ ಮಾತು. ಆಕಾಶದ ತಕ್ಕಡಿಗಳು ಈಗ ಬಹಳ ಚುರುಕಾಗಿವೆ. ಯುರೋಪಿನವರು 2017ರ ಅಕ್ಟೋಬರ್ 13ರಂದು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಯಂತ್ರ ಓಝೋನನ್ನಷ್ಟೇ ಅಲ್ಲ, ಮೀಥೇನನ್ನೂ, ಗಂಧಕದ ಹೊಗೆಯನ್ನೂ, ಡೀಸೆಲ್ ಎಂಜಿನ್ ಬಿಡುವ ಸಾರಜನಕದ ಡೈಆಕ್ಸೈಡನ್ನೂ ತೂಗುತ್ತದೆ. ಐದೂವರೆ ಕಿಲೋಮೀಟರು ಉದ್ದ ಮೂರೂವರೆ ಕಿಲೋಮೀಟರು ಅಗಲದ ಒಂದೊಂದು ತುಂಡಿಗೂ ಒಂದೊಂದು ಅಂಕಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬಸ್ಸು ಲಾರಿ ನಿಂತಾಗ ದೆಹಲಿ, ಮುಂಬಯಿಗಳ ಮೇಲಿನ ಆ ಅನಿಲ ಇಳಿದದ್ದು ಮೇಲಿನಿಂದ ಚೆನ್ನಾಗಿ ಕಂಡಿತು.

ಹಾಗಾದರೆ ಊರಿನ ಬಸ್‌ಸ್ಟ್ಯಾಂಡಿನ ಹೊಗೆಯ ಲೆಕ್ಕ ಅವರ ಹತ್ತಿರ ಇದೆ, ಇಲ್ಲಿ ಯಂತ್ರ ಯಾಕೆ ಅಂತ ಯಾವ ಸಾಹೇಬರಾದರೂ ಕೇಳಿಯಾರು. ಆ ಉಪಗ್ರಹ ಒಂದು ಊರಿನ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು ಒಂದೂವರೆಗೆ. ಆಗ ಅಂಗಡಿಯವರು ಊಟಕ್ಕೆ ಹೋಗಿರುತ್ತಾರೆ, ಅರ್ಧ ಷಟರು ಇಳಿದಿರುತ್ತದೆ, ಡ್ರೈವರು ಸೀಟಿನ ಮೇಲೆ ಟವೆಲು ಹಾಸಿ ಮಲಗಿರುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಶಾಲೆ ಮಕ್ಕಳು, ಆಫೀಸಿನವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿದು ನಿಂತಾಗಲೂ, ಸಂಜೆ ಆರಕ್ಕೆ ಹತ್ತು ಬಸ್ಸು ಒಟ್ಟಿಗೆ ಸ್ಟಾರ್ಟ್ ಮಾಡಿಕೊಂಡು ಗುರುಗುಟ್ಟುವಾಗಲೂ ಅದು ಬೇರೆಲ್ಲೋ ಇರುತ್ತದೆ. ಹಾಯುವಾಗ ಮೋಡ ಇದ್ದರೆ ಕೆಳಗಿನ ಹೊಗೆ ಕಾಣುವುದಿಲ್ಲ. ಅದು ತೂಗುವುದು ನೆಲದಿಂದ ಮೇಲಿನವರೆಗಿನ ಒಟ್ಟು ಗಾಳಿಯನ್ನು. ಮೂಗಿನ ಎತ್ತರದ ಗಾಳಿಯನ್ನು ಬೇರೆ ಮಾಡಿ ಹೇಳುವುದು ಅದಕ್ಕೆ ಕಷ್ಟ. ಇದು ಉಪಗ್ರಹದ ಮೇಲಿನ ದೂರಲ್ಲ. ತಕ್ಕಡಿ ತನ್ನ ಕೆಲಸ ಮಾಡುತ್ತಿದೆ. ಅದರ ಪಕ್ಕದಲ್ಲಿಡಬೇಕಾದ ಕಲ್ಲನ್ನು ಇಲ್ಲಿನವರು ಇಟ್ಟಿಲ್ಲ, ದೂರು ಇರುವುದು ಅದರ ಮೇಲೆ.

ನೆಲದ ಕಲ್ಲು ಮಾಡುವುದು ಈ ದೇಶಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ಕಲಿತ ಅಣ್ಣಾ ಮಣಿ ಎಂಬ ಹೆಣ್ಣುಮಗಳು ಹವಾಮಾನ ಇಲಾಖೆ ಸೇರಿ, 1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಹಾರಿಸಿ ಓಝೋನ್ ಅಳೆಯುವ ಯಂತ್ರವನ್ನು ದೇಶದಲ್ಲೇ ಮಾಡಿಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಅನ್ನುವಷ್ಟು ಕಟ್ಟುನಿಟ್ಟು ಅವರದು. ಹಿತ್ತಲ ಗಿಡ ಮದ್ದಲ್ಲ ಅಂತ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತಿಲ್ಲ.

ಬೇಕಾದ್ದು ಆಕಾಶಕ್ಕೆ ಏಣಿ ಹಾಕುವ ಕೆಲಸವಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಗಲೂ ರಾತ್ರಿಯೂ ಗಾಳಿ ತೂಗುವ ಒಂದು ಯಂತ್ರ. ಅದು ಸರಿ ಇದೆಯೋ ಇಲ್ಲವೋ ಅಂತ ಹೊತ್ತು ಹೊತ್ತಿಗೆ ನೋಡಿ ಮುದ್ರೆ ಒತ್ತುವ ಒಬ್ಬ ನೌಕರ. ಅಂಕಿಯನ್ನು ಫೈಲಿನಲ್ಲಿಟ್ಟು ಬೀಗ ಹಾಕದೆ ಕಾಯುವ ಜನಕ್ಕೆ ಕಾಣುವ ಹಾಗೆ ಒಂದು ಬೋರ್ಡು. ಆರು ತಿಂಗಳಿಗೆ ಕೆಟ್ಟು ಮೂಲೆ ಸೇರುವ ಉದ್ಘಾಟನೆಯ ಯಂತ್ರ ಬೇಡ. ಇಪ್ಪತ್ತೈದು ವರ್ಷ ಬೇಸರವಿಲ್ಲದೆ ಒಂದನ್ನೇ ಅಳೆಯುವ ಯಂತ್ರ ಬೇಕು. ಯಾಕೆಂದರೆ ಮೊದಲ ವರ್ಷದ ಅಂಕಿಗೆ ಬೆಲೆ ಬರುವುದು ಇಪ್ಪತ್ತೈದನೇ ವರ್ಷದ ಅಂಕಿ ಪಕ್ಕದಲ್ಲಿ ಕೂತಾಗ. ಹ್ಯಾಲಿ ಬೇಯ ಗುಡಿಸಲಿನವರು ಜಗತ್ತಿಗೆ ಕಲಿಸಿಕೊಟ್ಟ ವ್ಯಾಪಾರ ಇದು.

ಪುರಸಭೆಯವರು, ಸಾರಿಗೆಯವರು, ಮಾಲಿನ್ಯ ನಿಯಂತ್ರಣದವರು ಮೂವರೂ "ಅದು ನಮ್ಮ ಇಲಾಖೆಯದಲ್ಲ" ಅನ್ನುವ ಮೊದಲು ಒಂದು ಸಂಜೆ ಆರು ಗಂಟೆಗೆ ಪ್ಲಾಟ್‌ಫಾರಮ್ಮಿನ ಮೇಲೆ ಅರ್ಧ ಗಂಟೆ ನಿಂತು ನೋಡಲಿ.

ಐವತ್ತು ಗ್ರಾಂ ಬೇಳೆ ಕಡಿಮೆ ಬಂದರೆ ಗಿರಾಕಿ ಅಂಗಡಿ ಮುಂದೆ ನಿಂತು ಜಗಳ ತೆಗೆಯುತ್ತಾನೆ. ಉಸಿರಿನಲ್ಲಿ ಮೋಸ ಹೋದವನು ಬರೇ ಕೆಮ್ಮುತ್ತಾನೆ. ತೂಗಿದವರಿಲ್ಲ, ಹಾಗಾಗಿ ಜಗಳಕ್ಕೆ ಲೆಕ್ಕವಿಲ್ಲ!